ಒಂದೇ ಊರಿಗೆ ಎಷ್ಟು ತರದ ಶಾಲೆ?

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದ ಮೇಲೆ ಗದಗ-ಬೆಟಗೇರಿಯ ಯಾವ ಓಣಿಯ ಬಾಯಿಗಾದರೂ ಮುಂಜಾನೆ ನಿಂತು ನೋಡಿರಿ. ಒಂದೇ ಓಣಿಯ ಮಕ್ಕಳು ನಾಲ್ಕು ದಿಕ್ಕಿಗೆ ಹೋಗುವುದು ಕಾಣುತ್ತದೆ. ದೊಡ್ಡ ಅಂಗಡಿಕಾರರ, ಅಧಿಕಾರಿಗಳ ಮಕ್ಕಳು ಕೊರಳಿಗೆ ಟೈ ಕಟ್ಟಿ ಹಳದಿ ವ್ಯಾನು ಹತ್ತುತ್ತಾರೆ. ಅವರಿಗಿಂತ ತುಸು ಕಡಿಮೆ ಅನುಕೂಲದವರ ಮಕ್ಕಳು, ತಂದೆ ಸಾಲ ಮಾಡಿ ಫೀ ತುಂಬಿದ ಶಾಲೆಗೆ ಆಟೋದಲ್ಲಿ ಒತ್ತೊತ್ತಿ ಕುಳಿತು ಹೋಗುತ್ತಾರೆ. ಟೈ ಅವರಿಗೂ ಇದೆ. ನೇಕಾರನ, ಹಮಾಲನ, ನಾಲ್ಕು ಮನೆಯ ಮುಸುರೆ ತಿಕ್ಕುವ ಹೆಣ್ಣುಮಗಳ ಮಕ್ಕಳು ಸರಕಾರಿ ಶಾಲೆಗೆ ನಡೆದು ಹೋಗುತ್ತಾರೆ. ನಾಲ್ಕನೆಯ ಕೂಸು ಎಲ್ಲಿಗೂ ಹೋಗುವುದಿಲ್ಲ; ತಮ್ಮನನ್ನು ಸೊಂಟದ ಮೇಲೆ ಕೂಡಿಸಿಕೊಂಡು ಬಾಗಿಲಲ್ಲಿ ನಿಂತಿರುತ್ತದೆ. ಐದಾರು ವರ್ಷದ ಮಕ್ಕಳನ್ನು ಹೀಗೆ ಜರಡಿ ಹಿಡಿದು ಬೇರೆ ಮಾಡುವುದು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಅನ್ಯಾಯವೆಂದು ಕರೆಯುವವರೇ ಇಲ್ಲ. ಅನುಕೂಲವಿದ್ದವರು ಅನುಕೂಲದ ಶಾಲೆಗೆ ಕಳಿಸುತ್ತಾರೆ, ಇದರಲ್ಲಿ ತಪ್ಪೇನು ಎಂದು ಕೇಳುವವರೇ ಹೆಚ್ಚು. ತಪ್ಪು ತಾಯಿತಂದೆಗಳದ್ದೆಂದು ನಾವೂ ಹೇಳುವುದಿಲ್ಲ. ಆದರೆ ಹತ್ತು ವರ್ಷಗಳಲ್ಲಿ ಒಂದು ದಿನವೂ ಒಂದೇ ಬೆಂಚಿನ ಮೇಲೆ ಕೂಡದ ಮಕ್ಕಳು ಮುಂದೆ ಒಂದೇ ಊರಿನವರಾಗಿ ಬಾಳಬೇಕೆಂದು ಬಯಸುವುದು ಹೇಗೆ? ಈ ಒಂದು ಮಾತನ್ನು ಓದುಗರ ಮುಂದಿಡುವುದಕ್ಕಾಗಿಯೇ ನಾವು ಈ ಬರಹಕ್ಕೆ ಕೈ ಹಾಕಿದ್ದೇವೆ.

ನಮ್ಮ ಸೀಮೆ ಹಿಂದೆ ಹರಿದು ಹಂಚಿಹೋಗಿದ್ದಿತು. ಶಿರಹಟ್ಟಿಯವರು ಸಾಂಗಲಿ ಸಂಸ್ಥಾನದ ಪ್ರಜೆಗಳು. ಲಕ್ಷ್ಮೇಶ್ವರದವರು ಮಿರಜ ಸಂಸ್ಥಾನಕ್ಕೆ ಸೇರಿದವರು. ಗದಗ, ಮುಂಡರಗಿಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಒಂದು ದಿನದ ಚಕ್ಕಡಿ ಹಾದಿಯೊಳಗೆ ಮೂರು ಸರಕಾರ. 1948ರಲ್ಲಿ ಸಂಸ್ಥಾನಗಳು ಕರಗಿದವು, 1956ರಲ್ಲಿ ಕನ್ನಡ ನಾಡು ಒಂದಾಯಿತು, 1997ರಲ್ಲಿ ಗದಗ ತಾನೇ ಜಿಲ್ಲೆಯಾಯಿತು. ಹಿರಿಯರು ಲಾಠಿ ಏಟು ತಿಂದು, ಸೆರೆಮನೆ ಕಂಡು ಅಳಿಸಿದ ಗಡಿಗಳು ಅವು. ಈಗ ಶಾಲೆಯ ಬಾಗಿಲಲ್ಲಿ ಹೊಸ ಗಡಿಯೊಂದನ್ನು ನಾವೇ ಎಳೆದುಕೊಂಡಿದ್ದೇವೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರಿನಲ್ಲಿಯೇ ಹಿಂದೂ ಮುಸಲ್ಮಾನರಿಬ್ಬರ ಭಕ್ತಿಯೂ ಕೂಡಿದೆ. ಜಾತ್ರೆಯಲ್ಲಿ ಇಬ್ಬರೂ ಒಟ್ಟಿಗೆ ತೇರಿನ ಮುಂದೆ ನಿಲ್ಲುತ್ತಾರೆ. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿ, ಜೈನರ ಶಂಖ ಬಸದಿ, ದರ್ಗಾ ಒಂದೇ ಊರಿನೊಳಗೆ ಇವೆ. ಆದರೆ ಜಾತ್ರೆ, ಉರುಸುಗಳಲ್ಲಿ ಕೂಡಿದವರ ಮಕ್ಕಳು ಮರುದಿನ ಶಾಲೆಯಲ್ಲಿ ಕೂಡುವುದಿಲ್ಲ. ವರ್ಷಕ್ಕೊಂದು ದಿನದ ಸೌಹಾರ್ದಕ್ಕಿಂತ ವರ್ಷಕ್ಕೆ ಇನ್ನೂರಿಪ್ಪತ್ತು ದಿನ ಒಂದೇ ಕೋಣೆಯಲ್ಲಿ ಕೂಡುವುದು ಹೆಚ್ಚು ಬಾಳುವ ಕೆಲಸವೆಂದು ನಮಗೆ ತೋರುತ್ತದೆ.

ಎಲ್ಲರಿಗೂ ಶಿಕ್ಷಣವೆಂಬ ಬೇಡಿಕೆ ನಿನ್ನೆ ಮೊನ್ನೆಯದಲ್ಲ. 1882ರಲ್ಲಿ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆಯವರು ಹೇಳಿದ್ದೂ ಇದನ್ನೇ: ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಖರ್ಚಾಗುವುದು ಮೇಲಿನವರ ಮಕ್ಕಳ ಓದಿಗೆ. 1911ರಲ್ಲಿ ಗೋಖಲೆಯವರು ಕಡ್ಡಾಯ ಶಿಕ್ಷಣದ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು. 1917ರಲ್ಲಿ ಕೊಲ್ಲಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಪುಕ್ಕಟೆ ಕಡ್ಡಾಯ ಶಿಕ್ಷಣವನ್ನು ಜಾರಿಗೆ ತಂದು, ಮಕ್ಕಳನ್ನು ಕಳಿಸದ ತಂದೆಗಳಿಗೆ ದಂಡ ಹಾಕಿದರು. ಒಂದು ಚಿಕ್ಕ ಸಂಸ್ಥಾನದ ಅರಸನಿಂದಾದದ್ದು ಇಷ್ಟು ದೊಡ್ಡ ಗಣರಾಜ್ಯದಿಂದ ಬೇಗನೆ ಆಗಬೇಕಿತ್ತು. ಸಂವಿಧಾನದ 45ನೆಯ ಕಲಮು ಹತ್ತು ವರ್ಷದ ವಾಯಿದೆ ಹಾಕಿತ್ತು. ಅಂದರೆ 1960ಕ್ಕೆ ಹದಿನಾಲ್ಕು ವರ್ಷದೊಳಗಿನ ಮಕ್ಕಳೆಲ್ಲ ಶಾಲೆಯಲ್ಲಿರಬೇಕಿತ್ತು. ಅದು ಮೂಲಭೂತ ಹಕ್ಕೆನ್ನಿಸಿಕೊಂಡದ್ದು 2002ರ ತಿದ್ದುಪಡಿಯಿಂದ; ಕಾಯಿದೆಯಾಗಿ ಜಾರಿಗೆ ಬಂದದ್ದು 2010ರ ಏಪ್ರಿಲ್ ಒಂದರಂದು. ಹತ್ತು ವರ್ಷದ ಮಾತಿಗೆ ಅರವತ್ತು ವರ್ಷ ಹಿಡಿಯಿತು. ಸಾಹುಕಾರನ ಸಾಲಕ್ಕೆ ಇಷ್ಟು ವಾಯಿದೆ ಕೇಳಿದ್ದರೆ ರೈತನ ಹೊಲ ಉಳಿಯುತ್ತಿತ್ತೆ?

ಆ ಹಕ್ಕು ಕೂಡ ಆರರಿಂದ ಹದಿನಾಲ್ಕರವರೆಗೆ ಮಾತ್ರ. ಹದಿನಾಲ್ಕು ತುಂಬಿದೊಡನೆ ಕಾಯಿದೆ ಕೈ ಬಿಡುತ್ತದೆ, ಕೂಲಿ ಕೈ ಹಿಡಿಯುತ್ತದೆ. ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ಮಾಡಿದ ತಿದ್ದುಪಡಿ, ಶಾಲೆಯ ಹೊತ್ತು ಬಿಟ್ಟು ಮನೆಯ ಕಸುಬಿನಲ್ಲಿ ಮಕ್ಕಳು ನೆರವಾಗಬಹುದೆಂದು ಬಾಗಿಲು ತೆರೆದಿಟ್ಟಿತು. ಬೆಟಗೇರಿಯ ಮಗ್ಗದ ಮನೆಯಲ್ಲಿ ಈ ಬಾಗಿಲಿನ ಅರ್ಥವೇನೆಂಬುದು ನಮ್ಮ ಓದುಗರಿಗೆ ಗೊತ್ತು. ಅಪ್ಪ ಮಗ್ಗದ ಕುಣಿಯಲ್ಲಿ, ಮಗಳು ಕಂಡಿಕೆ ಸುತ್ತುತ್ತ. ನೂಲಿನ ದರ ಏರಿದ ತಿಂಗಳು ಕಂಡಿಕೆಯ ಹೊತ್ತು ಬೆಳೆಯುತ್ತದೆ, ಪುಸ್ತಕದ ಹೊತ್ತು ಮೊಟಕಾಗುತ್ತದೆ.

2011ರ ಜನಗಣತಿಯ ಪ್ರಕಾರ ಗದಗ ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ನೂರಕ್ಕೆ 75. ಗಂಡಸರಲ್ಲಿ ಸುಮಾರು 84, ಹೆಂಗಸರಲ್ಲಿ 65. ಅಂದು ಓದು ಬಾರದಿದ್ದ ತಾಯಂದಿರ ಮಕ್ಕಳೇ ಇಂದು ಹೈಸ್ಕೂಲಿನ ವಯಸ್ಸಿನಲ್ಲಿದ್ದಾರೆ. ಊರೂರಿಗೆ ಪಂಚಾಂಗ, ಪಾಟಿ ಪುಸ್ತಕ, ಲಗ್ನಪತ್ರಿಕೆ ಅಚ್ಚು ಹಾಕಿ ಕೊಟ್ಟು ಮುದ್ರಣ ಕಾಶಿಯೆಂದು ಹೆಸರು ಪಡೆದ ಗದುಗಿನ ಸುತ್ತಲೇ, ಅಚ್ಚಿನ ಅಕ್ಷರ ತಿಳಿಯದವರು ಇಷ್ಟು ಜನ.

ಇನ್ನು ಶಾಲೆಯ ಒಳಗೆ ಹೋಗೋಣ. ಈಚೆಗೆ ಸರಕಾರಿ ಶಾಲೆಗಳ ಗೋಡೆಗೆ ರೈಲುಬಂಡಿಯ ಬಣ್ಣ ಹೊಡೆಸುವ ಹವ್ಯಾಸ ಬೆಳೆದಿದೆ. ನೋಡಲು ಚಂದ, ಮಕ್ಕಳಿಗೂ ಇಷ್ಟ. ಆದರೆ ಡಬ್ಬಿಗಳಿದ್ದು ಡ್ರೈವರನಿಲ್ಲದ ರೈಲು ಎಲ್ಲಿಗೆ ಮುಟ್ಟೀತು? ಅರವತ್ತು ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಮಾಸ್ತರರು ಸಾಕೆಂಬುದು ಕಾಯಿದೆಯ ಲೆಕ್ಕ. ಐದು ಇಯತ್ತೆ, ಇಬ್ಬರು ಮಾಸ್ತರರು. ಅವರಲ್ಲೊಬ್ಬರು ಹೆಡ್‌ಮಾಸ್ತರರಾಗಿ ಬಿಸಿಯೂಟದ ಲೆಕ್ಕ, ಮತದಾರರ ಯಾದಿ, ಮೇಲಿನ ಕಚೇರಿಗೆ ಮೊಬೈಲಿನಲ್ಲಿ ಕಳಿಸುವ ಮಾಹಿತಿ ಇವುಗಳಲ್ಲಿ ಮುಳುಗಿದರೆ ಉಳಿದವರು ಒಬ್ಬರೇ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಕಟ್ಟಿದ ನಲಿ-ಕಲಿ ಪದ್ಧತಿ ನಿಜಕ್ಕೂ ಒಳ್ಳೆಯದು. ಒಂದೇ ಕೋಣೆಯಲ್ಲಿ ಬೇರೆ ಬೇರೆ ಇಯತ್ತೆಯ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯಬೇಕೆಂಬುದು ಅದರ ಉದ್ದೇಶ. ಪ್ರತಿ ಮಗುವಿನ ಪಕ್ಕ ಕುಳಿತು ಅದರ ಮೆಟ್ಟಿಲು ನೋಡುವ ಗುರು ಇದ್ದಾಗ ಮಾತ್ರ ಆ ಪದ್ಧತಿ ನಡೆಯುತ್ತದೆ. ಮಾಸ್ತರರ ಕೊರತೆಯನ್ನು ಮುಚ್ಚುವ ಹಚ್ಚಡವಾಗಿ ಅದನ್ನು ಬಳಸಿದರೆ ನಲಿಯುವುದೂ ಇಲ್ಲ, ಕಲಿಯುವುದೂ ಇಲ್ಲ. ಖಾಲಿ ಬಿದ್ದ ಜಾಗಗಳಿಗೆ ಸರಕಾರ ಪ್ರತಿ ವರ್ಷ ರಾಜ್ಯದಾದ್ಯಂತ ಹತ್ತಾರು ಸಾವಿರ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತದೆ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ. ಅದೂ ತಿಂಗಳುಗಟ್ಟಲೆ ತಡ. ವರ್ಷ ಮುಗಿದೊಡನೆ ಮನೆಗೆ. ಬಿ.ಇಡಿ. ಓದಿದ ತರುಣ ತರುಣಿಯರನ್ನು ಕೂಲಿಯಾಳಿಗಿಂತ ಕಡಿಮೆ ಪಗಾರದಲ್ಲಿ ದುಡಿಸಿ, ಅವರಿಂದ ನಾಡಿನ ಭವಿಷ್ಯ ಕಟ್ಟಿಸುತ್ತೇವೆಂದು ಭಾಷಣ ಮಾಡುವವರಿಗೆ ನಾಚಿಕೆಯಾಗಬೇಕು. ಅತಿಥಿಯೆಂಬ ಶಬ್ದಕ್ಕೆ ನಮ್ಮಲ್ಲಿ ಒಂದು ಗೌರವವಿತ್ತು, ಅದನ್ನೂ ಕೆಡಿಸಿದರು.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ನಡೆಯುವುದು ತಾಂಡಾಗಳಲ್ಲಿ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ, ಕಪ್ಪತ್ತಗುಡ್ಡದ ಸೆರಗಿನ ಲಂಬಾಣಿ ತಾಂಡಾಗಳಲ್ಲಿ ಮುಂಗಾರಿ ಸುಗ್ಗಿ ಮುಗಿಯಿತೆಂದರೆ ಗುಳೆಯ ಗಂಟು ಕಟ್ಟುತ್ತಾರೆ. ಕೆಲವರು ಗೋವೆಗೆ, ಕೆಲವರು ಮಂಗಳೂರು-ಉಡುಪಿಯ ಕಡೆಗೆ, ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಇನ್ನು ಕೆಲವರು ಕಬ್ಬು ಕಡಿಯುವುದಕ್ಕೆ. ಮಳೆ ಬೀಳುವ ಮುಂದೆ ತಿರುಗಿ ಬರುತ್ತಾರೆ. ಜೂನಿನಲ್ಲಿ ಹೆಸರು ಹಚ್ಚಿದ ಮಗು ದೀಪಾವಳಿಯ ನಂತರ ಕಾಣುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದರ ಹೆಸರು ಇದ್ದೇ ಇರುತ್ತದೆ. ಇಯತ್ತೆಯೂ ಮುಂದೆ ಹೋಗುತ್ತದೆ. ಅಕ್ಷರ ಮಾತ್ರ ಹಿಂದೆಯೇ ಉಳಿಯುತ್ತದೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಗುಳೆ ಹೋದಲ್ಲಿ ಕೊಂಕಣಿಯೋ ತುಳುವೋ. ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳ ಗತಿಯೂ ಅಷ್ಟಕ್ಕಷ್ಟೆ. ಇವರನ್ನು ಕುರಿತು ಅಧಿಕಾರಿಗಳು ಹೇಳುವ ಮಾತು ಒಂದೇ: ಪಾಲಕರಿಗೆ ಶಿಕ್ಷಣದ ಮಹತ್ವ ತಿಳಿಯದು. ಹೊಟ್ಟೆಯ ಮಹತ್ವ ಮೊದಲು ತಿಳಿದವನಿಗೆ ಶಿಕ್ಷಣದ ಮಹತ್ವ ತಿಳಿಯದೆಂದು ಹೇಳುವುದು ಸುಲಭ.

ಇದಕ್ಕೆ ಉಪಾಯವಿಲ್ಲವೆಂದಲ್ಲ. ಓಡಿಶಾದ ಬಲಾಂಗೀರ ಕಡೆಯಿಂದ ಇಟ್ಟಿಗೆ ಭಟ್ಟಿಗಳಿಗೆ ಗುಳೆ ಹೋಗುವವರ ಮಕ್ಕಳನ್ನು ಊರಲ್ಲಿಯೇ ಉಳಿಸಿಕೊಳ್ಳಲು ಹಂಗಾಮಿನ ವಸತಿಗೃಹಗಳನ್ನು ನಡೆಸಿದರು. ಹಿರಿಯರು ಹೋದರು, ಮಕ್ಕಳು ಊಟ ವಸತಿಯೊಡನೆ ತಮ್ಮ ಶಾಲೆಯಲ್ಲಿಯೇ ಉಳಿದರು. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರ ಮಕ್ಕಳಿಗೆ ಕಾರಖಾನೆಗಳ ಬಳಿ ಸಾಖರ ಶಾಳೆಗಳನ್ನು ತೆರೆದರು. ಎರಡೂ ಪೂರ್ಣ ಫಲಿಸಿದವೆಂದು ನಾವು ಹೇಳಲಾರೆವು. ಆದರೆ ಎರಡರಲ್ಲಿ ಮೊದಲನೆಯದು ನಮಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಮಗುವಿನ ಮಾಸ್ತರರೂ ಗೆಳೆಯರೂ ಬದಲಾಗುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಹಂಗಾಮಿನ ವಸತಿಗೃಹಕ್ಕೆ ಅವಕಾಶವಿದೆ. ದಸರೆಯೊಳಗೆ ತಾಂಡಾದಲ್ಲಿ ಗುಳೆ ಹೋಗುವ ಮನೆಗಳ ಯಾದಿ ಮಾಡಿ, ದೀಪಾವಳಿಗೆ ವಸತಿ ತೆರೆದರೆ ಕೆಲಸವಾಯಿತು. ಜನವರಿಯಲ್ಲಿ ಮಂಜೂರಾಗುವ ವಸತಿಗೃಹ ಯಾರಿಗೆ? ಅಷ್ಟೊತ್ತಿಗೆ ಮಗು ಗೋವೆಯಲ್ಲಿ ಉಸುಕಿನ ಗುಂಪಿಯ ಮೇಲೆ ಆಡುತ್ತಿರುತ್ತದೆ.

ಹುಡುಗಿಯರ ಓದು ಬಸ್ಸಿನ ಮೇಲೆ ನಿಂತಿದೆ. ಏಳನೆಯದರವರೆಗೆ ಊರ ಶಾಲೆ. ಮುಂದೆ ಹೈಸ್ಕೂಲು ಇನ್ನೊಂದು ಊರಿಗೆ, ಕಾಲೇಜು ತಾಲ್ಲೂಕಿಗೆ ಇಲ್ಲವೆ ಗದಗಿಗೆ. 2006ರ ಸುಮಾರಿಗೆ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ್ದ ಸೈಕಲ್ಲು ಕೋವಿಡ್ ಹೊತ್ತಿಗೆ ನಿಂತುಹೋಯಿತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆಯಾಯಿತು. ಇದು ಮಗಳನ್ನು ಓದಿಸುವ ಬಡ ತಾಯಿಗೆ ನಿಜವಾದ ನೆರವು, ಇದನ್ನು ಹೀಗಳೆಯುವವರ ಜತೆ ನಾವಿಲ್ಲ. ಆದರೆ ಟಿಕೀಟು ಪುಕ್ಕಟೆಯಾದರೆ ಸಾಲದು, ಬಸ್ಸು ಬರಬೇಕು. ಸಂಜೆಯ ಬಸ್ಸು ಎರಡು ದಿನ ತಪ್ಪಿ, ಮಗಳು ಕತ್ತಲಾದ ಮೇಲೆ ಮನೆ ಮುಟ್ಟಿದಳೆಂದರೆ ಮೂರನೆಯ ದಿನ ಅಪ್ಪ ಶಾಲೆ ಬಿಡಿಸುತ್ತಾನೆ; ಮುಂದಿನ ವೈಶಾಖಕ್ಕೆ ಲಗ್ನ. ಸಾರಿಗೆ ಡಿಪೋದವರು ಹಳ್ಳಿಯ ಒಂದು ಫೇರಿ ರದ್ದು ಮಾಡುವಾಗ ಎಷ್ಟು ಹುಡುಗಿಯರ ಓದು ರದ್ದಾಯಿತೆಂಬ ಲೆಕ್ಕವನ್ನೂ ಬರೆದಿಡಬೇಕು.

ಇಷ್ಟೆಲ್ಲದರ ನಡುವೆ ಸರಕಾರವೇ ಒಂದು ವಿಚಿತ್ರ ಮಾಡಿತು. ಶಿಕ್ಷಣ ಹಕ್ಕಿನ ಕಾಯಿದೆಯಂತೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಸ್ಥಾನಗಳನ್ನು ಬಡಮಕ್ಕಳಿಗೆ ಬಿಡಿಸಿ, ಅವರ ಫೀಯನ್ನು ತಾನೇ ತುಂಬಿತು. ಹಮಾಲನ ಮಗ ವ್ಯಾಪಾರಿಯ ಮಗನ ಪಕ್ಕದಲ್ಲಿ ಕುಳಿತ. ಅಷ್ಟು ಮಟ್ಟಿಗೆ ಒಳ್ಳೆಯದು. ಆದರೆ ಸರಕಾರಕ್ಕೇ ತನ್ನ ಶಾಲೆಯ ಮೇಲೆ ಭರವಸೆಯಿಲ್ಲವೆಂಬ ಸುದ್ದಿ ಊರಿಗೆಲ್ಲ ಹಬ್ಬಿತು. ಆಮೇಲೆ, ಸರಕಾರಿ ಶಾಲೆಗಳು ಬರಿದಾಗುತ್ತಿವೆಯೆಂದು ನಿಯಮ ತಿದ್ದಿ, ಹತ್ತಿರದಲ್ಲಿ ಸರಕಾರಿ ಇಲ್ಲವೆ ಅನುದಾನಿತ ಶಾಲೆಯಿದ್ದಲ್ಲಿ ಆ 25 ಸ್ಥಾನಗಳಿಲ್ಲವೆಂದಿತು. 2019ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತಿದ್ದುಪಡಿಯ ವಾದದಲ್ಲಿ ಹುರುಳಿಲ್ಲದಿಲ್ಲ: ಸಾರ್ವಜನಿಕ ಹಣ ಸಾರ್ವಜನಿಕ ಶಾಲೆಗೇ ಹೋಗಲಿ. ಹಾಗಾದರೆ ಆ ಉಳಿದ ಹಣದಿಂದ ನಮ್ಮ ಶಾಲೆಗಳಿಗೆ ಎಷ್ಟು ಜನ ಖಾಯಂ ಮಾಸ್ತರರು ಬಂದರೆಂದು ಕೇಳುವ ಅಧಿಕಾರ ನಮಗಿದೆ. ಒಂದು ಬಾಗಿಲು ಮುಚ್ಚಿದವರು ಇನ್ನೊಂದನ್ನು ತೆರೆಯಬೇಕಿತ್ತು.

ಬಡವರ ಮಕ್ಕಳಿಗೆ ಇಷ್ಟು ಸಾಕೆಂಬ ಮನೋಭಾವವೇ ಈ ರೋಗದ ಬೇರು. ಅದು ಸುಳ್ಳೆಂದು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ. ಗದುಗಿನಲ್ಲಿಯೇ ವೀರೇಶ್ವರ ಪುಣ್ಯಾಶ್ರಮವಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕಣ್ಣಿಲ್ಲದ ಹುಡುಗನೊಬ್ಬನನ್ನು ಹಾನಗಲ್ಲ ಕುಮಾರಸ್ವಾಮಿಗಳು ಕೈಹಿಡಿದು ಸಂಗೀತ ಕಲಿಸಿದರು. ಆ ಹುಡುಗ ಪಂಚಾಕ್ಷರ ಗವಾಯಿಯಾಗಿ, ತನ್ನಂಥ ಅಂಧ ಮಕ್ಕಳನ್ನೂ ದಿಕ್ಕಿಲ್ಲದ ಬಡಮಕ್ಕಳನ್ನೂ ಕೂಡಿಸಿಕೊಂಡು, ಊರೂರು ಅಲೆಯುತ್ತ ಪಾಠಶಾಲೆ ನಡೆಸಿದ. ಕೊನೆಗೆ ಗದುಗಿನಲ್ಲಿ ನೆಲೆ ನಿಂತ. 1944ರಲ್ಲಿ ಅವರು ತೀರಿದ ಮೇಲೆ ಅವರಂತೆಯೇ ಕಣ್ಣಿಲ್ಲದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ, ಅರವತ್ತಾರು ವರ್ಷ, ಅದನ್ನು ನಡೆಸಿದರು. ಆಶ್ರಮದ ಮಕ್ಕಳ ಹೊಟ್ಟೆಗಾಗಿ ನಾಟಕ ಕಂಪನಿ ಕಟ್ಟಿ, ನಾಟಕ ಬರೆದು, ಊರೂರು ತಿರುಗಿದರು. ಅಲ್ಲಿ ಫೀಯಿಲ್ಲ, ಜಾತಿ ಕೇಳುವುದಿಲ್ಲ, ಊಟ ವಸತಿ ಪುಕ್ಕಟೆ.

ಆದರೆ ನಾವು ಒತ್ತಿ ಹೇಳಬೇಕಾದ ಮಾತು ಬೇರೆ. ಅಲ್ಲಿ ಕಲಿಸಿದ್ದು ಹೊಟ್ಟೆಹೊರೆಯುವಷ್ಟು ಭಜನೆಯ ಪದಗಳನ್ನಲ್ಲ. ಅರಸರ ದರಬಾರುಗಳಲ್ಲಿ ಬೆಳೆದ ಖ್ಯಾಲನ್ನು, ರಾಗ ತಾಳಗಳ ಪೂರ್ಣ ಶಾಸ್ತ್ರವನ್ನು, ವರ್ಷಾನುಗಟ್ಟಲೆ ತಾಲೀಮು ಹಾಕಿಸಿ ಕಲಿಸಿದರು. ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ, ತೊಗಲುಬೊಂಬೆ ಆಡಿಸಿ ಹಾಡುವ ಬಡ ಕಲಾವಿದನ ಮಗ ವೆಂಕಟೇಶಕುಮಾರರು 1968ರಲ್ಲಿ ಹುಡುಗರಾಗಿ ಬಂದು ಹನ್ನೆರಡು ವರ್ಷ ಪುಟ್ಟರಾಜರ ಕೈಯಲ್ಲಿ ಕಲಿತರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಹುಡುಗನಿಗೆ ವರ್ಷಕ್ಕೊಬ್ಬ ಅತಿಥಿ ಗುರು ಸಿಕ್ಕಿದ್ದರೆ ಏನಾಗುತ್ತಿತ್ತು? ಅತ್ಯುತ್ತಮವಾದುದನ್ನು ಅತ್ಯಂತ ಕೆಳಗಿನವನಿಗೆ ಕೊಡುವುದಾಗುತ್ತದೆ ಎಂಬುದಕ್ಕೆ ಇದು ನಮ್ಮ ಊರಿನ ಸಾಕ್ಷಿ. ಕಣ್ಣಿಲ್ಲದ ಇಬ್ಬರು, ಜೋಳಿಗೆ ಹಿಡಿದು ಮಾಡಿದ್ದನ್ನು ಬೊಕ್ಕಸ ಹಿಡಿದವರು ಏಕೆ ಮಾಡಲಾರರು? ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು: ಪ್ರಜೆಯ ಮಗುವಿನ ಓದು ಯಾವ ಮಹಾತ್ಮರ ದಯೆಯ ಮೇಲೂ ನಿಲ್ಲಬಾರದು. ಮಹಾತ್ಮರು ನೂರು ವರ್ಷಕ್ಕೊಬ್ಬರು ಹುಟ್ಟುತ್ತಾರೆ, ಮಕ್ಕಳು ದಿನಾಲೂ ಹುಟ್ಟುತ್ತಾರೆ.

ಮಠಗಳ ಪ್ರಸಾದ ನಿಲಯಗಳಿಗೂ ನಮ್ಮ ಭಾಗ ಋಣಿಯಾಗಿದೆ. ಮುಂಬಯಿ ಸರಕಾರ ಈ ಕಡೆ ಕಣ್ಣೆತ್ತಿ ನೋಡದಿದ್ದ ಕಾಲದಲ್ಲಿ ಒಂದೊಂದು ಸಮಾಜದವರು ತಮ್ಮ ತಮ್ಮ ಬೋರ್ಡಿಂಗು, ತಮ್ಮ ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರೂ ಪದವೀಧರರೂ ಕೂಡಿ ಸ್ಥಾಪಿಸಿದ ಸಂಸ್ಥೆ ಇಂದು ಎಷ್ಟು ದೊಡ್ಡದಾಗಿದೆಯೆಂಬುದು ಎಲ್ಲರ ಕಣ್ಣ ಮುಂದಿದೆ. ಅದು ಆ ಕಾಲದ ಅವಶ್ಯಕತೆ. ಆದರೆ ಕಟ್ಟಲು ತಮ್ಮದೇ ಜಾತಿಯಲ್ಲಿ ಶ್ರೀಮಂತರಿಲ್ಲದವರು, ಮಠವಿಲ್ಲದವರು, ಹೊಲವಿಲ್ಲದವರು ಎಲ್ಲಿಗೆ ಹೋಗಬೇಕು? ಅವರಿಗೆ ಉಳಿದದ್ದು ಸರಕಾರಿ ಶಾಲೆಯೊಂದೇ. ಅದಕ್ಕಾಗಿಯೇ ಅದು ಒಳ್ಳೆಯದಾಗಿರಬೇಕು.

ಇಂಗ್ಲೀಷಿನ ಮಾತಿಗೂ ಬರಬೇಕಾಗಿದೆ. ಬಡ ತಾಯಿ ಹೊಟ್ಟೆ ಕಟ್ಟಿ ಫೀ ತುಂಬುವುದು ಇಂಗ್ಲೀಷಿನ ಆಶೆಯಿಂದ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಮಾಧ್ಯಮವನ್ನು ಸರಕಾರ ಹೇರುವಂತಿಲ್ಲವೆಂದು ತೀರ್ಪು ಕೊಟ್ಟ ಮೇಲೆ ಖಾಸಗಿಯವರಿಗೆ ತಡೆಯಿಲ್ಲವಾಯಿತು. 2019ರಲ್ಲಿ ಸರಕಾರಿ ಶಾಲೆಗಳಲ್ಲಿಯೇ ಇಂಗ್ಲೀಷ್ ಮಾಧ್ಯಮದ ವಿಭಾಗಗಳು ಬಂದವು. 2025ರ ಆಗಸ್ಟಿನಲ್ಲಿ ಸುಖದೇವ ಥೋರಾತ್ ಆಯೋಗ, ಐದನೆಯ ತರಗತಿಯವರೆಗೆ ಕನ್ನಡ ಇಲ್ಲವೆ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ರಾಜ್ಯ ಸರಕಾರಕ್ಕೆ ವರದಿ ಕೊಟ್ಟಿದೆ. ನಮ್ಮ ಅಭಿಪ್ರಾಯವೂ ಅದೇ. ಆದರೆ ಕನ್ನಡ ಉಳಿಸುವ ಭಾರವನ್ನು ಕೂಲಿಕಾರನ ಮಗುವಿನ ತಲೆಯ ಮೇಲೆ ಮಾತ್ರ ಹೊರಿಸಿ, ವೇದಿಕೆಯ ಮೇಲೆ ಕನ್ನಡಕ್ಕಾಗಿ ಕಣ್ಣೀರು ಹಾಕುವವರ ಮಕ್ಕಳು ಕಾನ್ವೆಂಟಿಗೆ ಹೋಗುವುದಾದರೆ ಆ ನೀತಿಯನ್ನು ಬಡವರು ನಂಬುವುದಿಲ್ಲ, ನಂಬಲೂಬಾರದು. ಮಾಧ್ಯಮ ಒಂದೆಂದರೆ ಎಲ್ಲರಿಗೂ ಒಂದು. ಜೊತೆಗೆ, ಇಂಗ್ಲೀಷು ಬಲ್ಲ ಮಾಸ್ತರರಿಂದ ಇಂಗ್ಲೀಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸುವ ಏರ್ಪಾಡು ಪ್ರತಿ ಸರಕಾರಿ ಶಾಲೆಯಲ್ಲೂ ಇರಬೇಕು.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ, ನೆರೆಹೊರೆಯ ಮಕ್ಕಳೆಲ್ಲ ನೆರೆಹೊರೆಯ ಒಂದೇ ಸಾರ್ವಜನಿಕ ಶಾಲೆಗೆ ಹೋಗಬೇಕೆಂದಿತ್ತು. ಸಮಾಜವಾದಿಗಳು ಬೀದಿಯಲ್ಲಿ ಕೂಗಿದ್ದೂ ಅದನ್ನೇ. 2015ರ ಆಗಸ್ಟಿನಲ್ಲಿ ಅಲಹಾಬಾದ ಹೈಕೋರ್ಟು, ಸರಕಾರದ ಪಗಾರ ಉಣ್ಣುವವರು ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ವ್ಯವಸ್ಥೆ ಮಾಡಿರೆಂದು ಉತ್ತರ ಪ್ರದೇಶದ ಮುಖ್ಯ ಕಾರ್ಯದರ್ಶಿಗೆ ಅಪ್ಪಣೆ ಮಾಡಿತು. ಅಪ್ಪಣೆ ಕಾಗದದ ಮೇಲೆಯೇ ಉಳಿಯಿತು. ಜಿಲ್ಲೆಯ ಹಿರಿಯ ಅಧಿಕಾರಿಗಳ, ನಗರಸಭೆಯ ಸದಸ್ಯರ, ಶಾಸಕರ ಮೊಮ್ಮಕ್ಕಳು ಬೆಟಗೇರಿಯ ಸರಕಾರಿ ಶಾಲೆಯಲ್ಲಿ ಒಂದು ವರ್ಷ ಕೂತರೆ ಮಾಸ್ತರರ ಜಾಗವೂ ತುಂಬೀತು, ಪಾಯಖಾನೆಗೆ ನೀರೂ ಬಂದೀತು. ಬಿಸಿಯೂಟದ ಪಂಕ್ತಿಯಲ್ಲಿ ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಣ್ಣುತ್ತಾರೆಂದು ನಾವು ಹೆಮ್ಮೆಪಡುತ್ತೇವೆ. ಆ ಪಂಕ್ತಿಯಲ್ಲಿ ಬಲ್ಲಿದರ ಮಕ್ಕಳಿಲ್ಲ ಎಂಬುದನ್ನು ಮರೆಯುತ್ತೇವೆ.

ಮೇಲಿನವರ ದಾರಿ ಕಾಯುತ್ತ ಕೂಡ್ರುವುದೂ ಸರಿಯಲ್ಲ. 1905ರಲ್ಲಿ ಇದೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ, ಹಿಂದಿನ ವರ್ಷವಷ್ಟೇ ಬಂದಿದ್ದ ಕಾಯಿದೆಯಡಿ ಸಹಕಾರಿ ಸಂಘ ಕಟ್ಟಿದರು. ದೇಶಕ್ಕೇ ಅದು ಮೊದಲನೆಯದೆನ್ನಿಸಿತು. ಸಾಲದ ವಿಷಯದಲ್ಲಿ ನಮ್ಮ ಹಳ್ಳಿಯವರು ಅಂದು ತೋರಿದ ಒಗ್ಗಟ್ಟನ್ನು ಇಂದು ಶಾಲೆಯ ವಿಷಯದಲ್ಲಿ ತೋರಲು ಸಾಧನವೊಂದು ಕೈಯಲ್ಲಿಯೇ ಇದೆ. ಪ್ರತಿ ಸರಕಾರಿ ಶಾಲೆಗೂ ಪಾಲಕರದೇ ಬಹುಮತವುಳ್ಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಅರ್ಧದಷ್ಟು ಹೆಣ್ಣುಮಕ್ಕಳಿರಬೇಕೆಂದು ಕಾಯಿದೆಯೇ ಹೇಳುತ್ತದೆ. ಎಷ್ಟೋ ಊರುಗಳಲ್ಲಿ ಅದು ಸಹಿ ಹಾಕುವ ಸಮಿತಿಯಾಗಿದೆ, ಇಲ್ಲವೆ ಪಂಚಾಯತಿ ಚುನಾವಣೆಯ ಜಗಳದ ಮುಂದುವರಿಕೆಯಾಗಿದೆ. ಸಭೆಯ ನೋಟೀಸು ಮನೆಯ ಗಂಡಸಿಗೆ ಬರುತ್ತದೆ. ಸದಸ್ಯೆಯಾದ ಹೆಣ್ಣುಮಗಳು ಹೊಲದಲ್ಲಿರುತ್ತಾಳೆ. ಸಭೆಯನ್ನು ಕೂಲಿ ಮುಗಿದ ಹೊತ್ತಿಗೆ, ತಾಂಡಾದ ಮಕ್ಕಳಿದ್ದಲ್ಲಿ ತಾಂಡಾದಲ್ಲಿಯೇ ಕರೆಯಬೇಕು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಓದುಗರಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ಊರ ಶಾಲೆಗೆ ಮಂಜೂರಾದ ಮಾಸ್ತರರ ಜಾಗ ಎಷ್ಟು, ಖಾಯಂ ಇರುವವರೆಷ್ಟು, ಅತಿಥಿಗಳೆಷ್ಟು, ಅವರಿಗೆ ಯಾವ ತಿಂಗಳವರೆಗೆ ಪಗಾರ ಮುಟ್ಟಿದೆ, ಸಂಜೆಯ ಬಸ್ಸು ಎಷ್ಟು ಗಂಟೆಗೆ ಬರಬೇಕು ಮತ್ತು ಎಷ್ಟಕ್ಕೆ ಬರುತ್ತದೆ, ಕಳೆದ ವರ್ಷ ಗುಳೆ ಹೋದ ಮಕ್ಕಳೆಷ್ಟು ಎಂಬುದನ್ನು ಒಂದು ಕಾಗದದ ಮೇಲೆ ಬರೆದು ಸಮಿತಿಯ ಇಬ್ಬರ ಸಹಿಯೊಡನೆ ನಮಗೆ ಕಳಿಸಿರಿ. ಮಕ್ಕಳ ಹೆಸರು ಬೇಡ, ಲೆಕ್ಕ ಸಾಕು. ಬಂದ ಬಂದಂತೆ ಊರಿನ ಹೆಸರು ಸಹಿತ ಅಚ್ಚು ಹಾಕುತ್ತೇವೆ. ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ, ಇನ್ನೊಂದನ್ನು ಡಿಪೋ ಮ್ಯಾನೇಜರರಿಗೂ ಮುಟ್ಟಿಸುತ್ತೇವೆ. ತಾಂಡಾಗಳ ಲೆಕ್ಕ ಮಾತ್ರ ದಸರೆಗಿಂತ ಮುಂಚೆಯೇ ನಮ್ಮ ಕೈ ಸೇರಬೇಕು.